ಟವೆಲ್ಲಿನ ಕೆಳಗೊಂದು ಜಪಾನಿ ಕೈ

ವ್ಯಾಪಾರ ಕಲಿಯಬೇಕು ಅಂತ ಬರುವವರಿಗೆ ನಾನು ಮೊದಲು ಹೇಳಿಕೊಡುವುದು ಇಷ್ಟೇ. ಗಿರಾಕಿ ಅಂಗಡಿ ಬಿಟ್ಟು ಎದ್ದು ಹೊರಟಾಗ ಅವನ ಮುಖ ನೋಡಬೇಡಿ, ಕಾಲು ನೋಡಿ. ಸಾಮಾನು ಬೇಕು ಅನ್ನುವವನ ಕಾಲು ಹೊಸ್ತಿಲ ಹತ್ತಿರ ನಿಧಾನವಾಗುತ್ತದೆ. ಚಪ್ಪಲಿ ಹುಡುಕುವ ನೆಪದಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. ಆಗ ಕರೆಯಬೇಕು. ಬೇಡದವನ ಕಾಲು ನೆಟ್ಟಗೆ ಬಸ್ ಸ್ಟ್ಯಾಂಡಿನ ದಾರಿ ಹಿಡಿಯುತ್ತದೆ. ಅವನನ್ನು ಕರೆದರೆ ಗಂಟಲು ನೋವು, ಬೇರೇನೂ ಲಾಭವಿಲ್ಲ. ಪಾಂಡವಪುರದ ನನ್ನ ಬೆಲ್ಲದ ಅಂಗಡಿ ಇಷ್ಟು ವರ್ಷ ನಿಂತಿರುವುದು ಈ ಒಂದು ವಿದ್ಯೆಯ ಮೇಲೆ.

ಈ ವಿದ್ಯೆ ಕೈಕೊಟ್ಟದ್ದು ಒಬ್ಬರ ಮುಂದೆ ಮಾತ್ರ. ಅವರು ಜಪಾನಿನವರು. ಅವರ ಕಾಲನ್ನೂ ನೋಡಿದೆ. ಏನೂ ತಿಳಿಯಲಿಲ್ಲ. ಯಾಕೆಂದರೆ ಅವರು ಒಳಗೆ ಬರುವಾಗಲೇ ಶೂ ಬಿಚ್ಚಿ, ಎರಡನ್ನೂ ಜೋಡಿಸಿ, ಮೂತಿ ಹೊರಗೆ ಮಾಡಿ ಇಟ್ಟಿದ್ದರು. ಹೋಗುವಾಗ ಹುಡುಕುವುದೇನಿದೆ? ಕಾಲು ತೂರಿಸಿದರು, ಹೊರಟರು.

ಆ ಕಥೆ ಹೇಳುವ ಮುಂಚೆ ನನ್ನ ಅಕ್ಕನ ವಿಚಾರ ಹೇಳಬೇಕು.

ಅಕ್ಕನನ್ನು ಕೊಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿಗೆ, ಶೀಳನೆರೆಯ ಹತ್ತಿರ. ಹೊಲದ ಮಗ್ಗುಲಲ್ಲೇ ಆಲೆಮನೆ. ಕಬ್ಬು ಅರೆಯುವ ಗಾಣ, ಹಾಲು ಕುದಿಸುವ ದೊಡ್ಡ ಕೊಪ್ಪರಿಗೆ, ಅದರ ಕೆಳಗೆ ಒಣಗಿದ ಸಿಪ್ಪೆ ನುಂಗುವ ಒಲೆ. ಬಾವ ಗಾಣ ನೋಡಿಕೊಂಡರೆ, ಪಾಕ ನೋಡುವುದು ಅಕ್ಕ. ಅವಳ ಬೆಲ್ಲ ಕಪ್ಪು. ಇದ್ದಿಲ ಕಪ್ಪಲ್ಲ, ಸುಟ್ಟ ಹುಣಸೆಬೀಜದ ಕಪ್ಪು. ಮಡ್ಡಿ ತೆಗೆಯಲು ಬೆಂಡೆಗಿಡ ಜಜ್ಜಿ ಅದರ ಲೋಳೆ ಹಾಕುತ್ತಾಳೆ, ಚಿಟಿಕೆ ಸುಣ್ಣ ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು. ಬಣ್ಣ ಬರಿಸುವ ಬಿಳಿ ಪುಡಿಯನ್ನು ಆಲೆಮನೆಯ ಬಾಗಿಲು ದಾಟಲು ಬಿಟ್ಟವಳಲ್ಲ.

ಮಾರುಕಟ್ಟೆಗೆ ಬೇಕಾದದ್ದು ಬೇರೆ. ನಮ್ಮ ಜನಕ್ಕೆ ಬೆಲ್ಲ ಅಂದರೆ ಚಿನ್ನದ ಹಾಗೆ ಹಳದಿ ಹೊಳೆಯಬೇಕು. ನಾನೇನು ಅವರಿಗೆ ಪಾಠ ಹೇಳಲು ಅಂಗಡಿ ಇಟ್ಟವನಲ್ಲ. ಹಳದಿ ಅಚ್ಚುಗಳನ್ನು ಮುಂದೆ ಜೋಡಿಸುತ್ತಿದ್ದೆ, ಅಕ್ಕನ ಬೆಲ್ಲ ಹಿಂದಿನ ಸಾಲಿನಲ್ಲಿ ಕೂತಿರುತ್ತಿತ್ತು. ಬಾಣಂತಿ ಇರುವ ಮನೆಯವರು, ಹಳೇ ನಾಲಿಗೆಯ ಕೆಲವರು ಕೇಳಿ ಒಯ್ಯುತ್ತಿದ್ದರು. ಅಷ್ಟು ವ್ಯಾಪಾರದಲ್ಲಿ ಆಲೆಮನೆ ನಡೆಯುತ್ತದೆಯೇ? ಬಾವನಿಗೆ ಸಾಕಾಗಿತ್ತು. ಈ ಹೊಲದ ಕಬ್ಬು ಮುಗಿದ ಮೇಲೆ ಗಾಣ, ಕೊಪ್ಪರಿಗೆ ಎರಡನ್ನೂ ಗುಜರಿಗೆ ಹಾಕುವುದು, ಮುಂದಿನ ಸಲದಿಂದ ಕಬ್ಬನ್ನು ನೇರವಾಗಿ ಕಾರ್ಖಾನೆಗೆ ಹೊಡೆಯುವುದು ಅಂತ ತೀರ್ಮಾನ ಮಾಡಿದ್ದರು. ಪೇಟೆಯ ಗುಜರಿಯವನು ಬಂದು ಗಾಣವನ್ನು ತಟ್ಟಿ, ಬಗ್ಗಿ, ಸುತ್ತ ನೋಡಿಕೊಂಡು ಹೋಗಿದ್ದ.

ಅಕ್ಕ ಅದಕ್ಕೆ ಅಳಲಿಲ್ಲ, ಜಗಳ ಆಡಲಿಲ್ಲ. ನಾನು ಹೋದಾಗ ಪಾಕ ತಿರುವುತ್ತಾ ಒಂದು ಮಾತು ಹೇಳಿದಳು.

“ನನ್ ಬೆಲ್ಲನೇ ಬೇಕು ಅನ್ನೋರು ಯಾರಾರ ಇದ್ರೆ ನೋಡ್ಲಾ. ಇಲ್ದಿದ್ರೆ ಬುಡು, ಟೀವಿ ಮುಂದೆ ಕುಂತ್ಕತೀನಿ.”

ಅಕ್ಕ ಟೀವಿ ಮುಂದೆ ಕೂರುವುದನ್ನು ನಾನು ಕಂಡವನಲ್ಲ. ಅವಳು ನನ್ನನ್ನು ಏನಾದರೂ ಕೇಳಿದ್ದೂ ಅದೇ ಮೊದಲು. ಹಾಗಾಗಿ ಆ ಮಾತು ನನ್ನ ಕಿವಿಯಲ್ಲೇ ಕೂತಿತ್ತು.

ಆಗ ಬಂತು ಶ್ರೀರಂಗಪಟ್ಟಣದಿಂದ ಫೋನು. ಮಾಡಿದವಳು ಅಲ್ಲಿನ ದೇವಸ್ಥಾನದ ಅಡುಗೆ ನೋಡಿಕೊಳ್ಳುವ ಸ್ವಾಮಿಗಳ ಮಗಳು. ಅವರ ಮನೆಗೆ ಪೊಂಗಲಿನ ಬೆಲ್ಲ ಹೋಗುವುದು ನನ್ನ ಅಂಗಡಿಯಿಂದಲೇ. ಹುಡುಗಿ ಮೈಸೂರಿನಲ್ಲಿ ಜಪಾನಿ ಭಾಷೆ ಕಲಿಸುತ್ತಾಳೆ, ಬಂದವರಿಗೆ ದುಭಾಷಿ ಕೆಲಸವನ್ನೂ ಮಾಡುತ್ತಾಳೆ. ಅಂಕಲ್, ಇಲ್ಲೊಬ್ಬರು ಜಪಾನಿನವರು ಬಂದಿದ್ದಾರೆ, ಅವರದು ತಲೆಮಾರುಗಳಿಂದ ನಡೆದುಬಂದ ಸಿಹಿತಿಂಡಿ ಅಂಗಡಿ, ಪುಡಿ ಹಾಕದ ಕಪ್ಪು ಬೆಲ್ಲ ಮಾಡುವುದನ್ನು ಕಣ್ಣಾರೆ ನೋಡಬೇಕಂತೆ, ನಿಮಗೆ ಯಾರಾದರೂ ಗೊತ್ತಾ ಅಂತ ಕೇಳಿದಳು. ಗೊತ್ತಾ ಅಂದರೆ ಏನು, ಅವರಿಗೋಸ್ಕರವೇ ನಮ್ಮಕ್ಕ ಹುಟ್ಟಿದ್ದು ಅಂದೆ.

ತಯಾರಿ ಇಲ್ಲದೆ ನಾನು ಯಾವ ವ್ಯಾಪಾರಕ್ಕೂ ಕೂರುವವನಲ್ಲ, ನೀವೂ ಕೂರಬೇಡಿ. ಜಪಾನಿನವರು ಹೇಗೆ ಬದುಕುತ್ತಾರೆ, ಮನೆಯಲ್ಲಿ ಬೇಡದ್ದನ್ನು ಹೇಗೆ ಎತ್ತಿ ಹಾಕುತ್ತಾರೆ, ನೂರು ವರ್ಷ ಬಾಳಲು ಏನು ತಿನ್ನುತ್ತಾರೆ ಅಂತ ಹೇಳುವ ಪುಸ್ತಕಗಳು ಈಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ತೂಗಾಡುತ್ತವೆ. ಅಂಥದ್ದೊಂದು ತಂದು ಓದಿದೆ. ಫೋನಿನಲ್ಲಿ ವೀಡಿಯೋ ನೋಡಿದೆ. ಶೀಳನೆರೆಗೆ ಹೋಗಿ ಆಲೆಮನೆಯ ನೆಲ ಸಾರಿಸಿದೆ, ಒಡೆದ ಬಿಂದಿಗೆ, ಹಳೇ ಟೈರು, ಗೋಣಿಚೀಲದ ಗಂಟು ಎಲ್ಲ ಹೊರಗೆ ಹಾಕಿಸಿದೆ. ಸೊಂಟ ಬಗ್ಗಿಸಿ ನಮಸ್ಕಾರ ಮಾಡುವುದನ್ನು ಬಾವನಿಗೆ ಕಲಿಸಲು ಹೋದೆ.

“ಮದ್ವೇಲಿ ನಿಮ್ಮಪ್ಪಂಗೇ ಇಷ್ಟು ಬಗ್ಗಿಲ್ಲ ಕಣ್ ಬಾಮೈದ,” ಅಂದರು ಬಾವ. “ಅಂಗಿ ಬೇಕಾರೆ ಆಕ್ಕತೀನಿ, ಸೊಂಟ ಮಾತ್ರ ಕೇಳ್ಬ್ಯಾಡ.”

ಬಂದವರು ಅರವತ್ತು ದಾಟಿದ ತೆಳ್ಳಗಿನ ಮನುಷ್ಯರು. ಕಾರಿನಿಂದ ಇಳಿದವರೇ ಮೊದಲು ಗದ್ದೆಯ ಕಡೆಗೆ, ಆಮೇಲೆ ಒಲೆಯ ಕಡೆಗೆ, ಆಮೇಲೆ ನಮ್ಮ ಕಡೆಗೆ ಬಗ್ಗಿದರು. ನನಗೆ ಅವರ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಒಂದು ಕೈಯಲ್ಲಿ ತೆಗೆದುಕೊಂಡು ಎಲೆ ಅಡಿಕೆ ಇದ್ದ ಜೇಬಿಗೆ ಸೇರಿಸಿದೆ. ಪುಸ್ತಕದಲ್ಲಿ ಆ ಪುಟಕ್ಕೆ ನಾನಿನ್ನೂ ಬಂದಿರಲಿಲ್ಲ. ದುಭಾಷಿ ಹುಡುಗಿ ಕಣ್ಣು ಮುಚ್ಚಿಕೊಂಡಳು. ಅವರು ಮಾತ್ರ ನಾನು ಕೊಟ್ಟ ನನ್ನ ಅಂಗಡಿಯ ಕಾರ್ಡನ್ನು ದೇವರ ಪಟ ಹಿಡಿದ ಹಾಗೆ ಹಿಡಿದು, ಓದಲು ಬಾರದ ಕನ್ನಡವನ್ನು ಮೇಲಿಂದ ಕೆಳಗೆ ನೋಡಿದರು.

ಅಕ್ಕ ಕಬ್ಬಿನ ಹಾಲು ಕೊಟ್ಟಳು. ಬಾಳೆಲೆಯ ತುಂಡಿನ ಮೇಲೆ ಬಿಸಿ ಪಾಕ ಸುರಿದು ಕೊಟ್ಟಳು. ಅವರು ಕೈ ಜೋಡಿಸಿ ಚಿಕ್ಕದೊಂದು ಮಾತು ಹೇಳಿ ಆಮೇಲೆ ತಿಂದರು. ಅದೇನು ಅಂತ ಅಕ್ಕ ಕೇಳಿದಳು. ಕಬ್ಬು ಬೆಳೆದವರಿಂದ ಹಿಡಿದು ಪಾಕ ಮಾಡಿದವರ ತನಕ ಎಲ್ಲರಿಗೂ, ಆ ಕಬ್ಬಿಗೂ ಸೇರಿಸಿ, ವಂದಿಸಿ ಸ್ವೀಕರಿಸ್ತಾ ಇದ್ದೀನಿ ಅಂತ ಹೇಳಿದ ಹಾಗೆ, ಅವರಲ್ಲಿ ಪ್ರತಿ ಊಟಕ್ಕೂ ಹೇಳುತ್ತಾರೆ ಅಂದಳು ಹುಡುಗಿ. ಅಕ್ಕ ಬಾವನ ಕಡೆ ಒಂದು ನೋಟ ಎಸೆದಳು. ಬಾವ ಗಾಣಕ್ಕೆ ಏನೋ ಎಣ್ಣೆ ಬಿಡಬೇಕು ಅಂತ ಎದ್ದು ಹೋದರು.

ತಿಂದಾದ ಮೇಲೆ ಅವರು ಬಾಳೆಲೆಯನ್ನು ನಾಲ್ಕು ಮಡಿಕೆ ಮಡಿಸಿ ತಮ್ಮ ಚೀಲಕ್ಕೆ ಹಾಕಿಕೊಳ್ಳಲು ಹೋದರು. ಅವರ ಊರಿನಲ್ಲಿ ರಸ್ತೆಯ ಮೇಲೆ ಕಸದ ಡಬ್ಬಿ ಇರುವುದಿಲ್ಲವಂತೆ, ಅವರವರ ಕಸ ಅವರವರೇ ಮನೆಗೆ ಒಯ್ಯಬೇಕಂತೆ. ಅಕ್ಕ ನಗುತ್ತಾ ಎಲೆ ಕಸಿದುಕೊಂಡು ಎಮ್ಮೆಗೆ ಹಾಕಿದಳು. ಎಮ್ಮೆ ಅದನ್ನು ಒಂದೇ ಸಲಕ್ಕೆ ಎಳೆದುಕೊಂಡಿತು. ಆವತ್ತು ಅವರು ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕರು. ಹುಡುಗಿಗೆ ಏನೋ ಹೇಳಿದರು. ಇಂಥ ಕಸದ ಡಬ್ಬಿ ನಮ್ಮಲ್ಲೂ ಇರಬೇಕಿತ್ತು ಅಂದರಂತೆ.

ಆಮೇಲೆ ಒಂದು ಕೊಪ್ಪರಿಗೆ ಹಾಲು ಕುದಿದು ಪಾಕವಾಗುವ ತನಕ ಅವರು ಒಲೆಯ ಎದುರಿಗೆ ಮಣೆಯ ಮೇಲೆ ಕೂತರು. ಮಾತಿಲ್ಲ. ಪಾಕ ನೋಡುವಾಗ ಅಕ್ಕನೂ ಮಾತಾಡುವವಳಲ್ಲ. ಇಬ್ಬರೂ ಕೊಪ್ಪರಿಗೆಯನ್ನೇ ನೋಡುತ್ತಿದ್ದರು. ನೊರೆ ಎದ್ದಿತು, ಮಡ್ಡಿ ಬಂತು, ಅಕ್ಕ ಜಾಲರಿಯಲ್ಲಿ ಬಾಚಿ ಹಾಕಿದಳು. ಬುಗ್ಗೆಗಳು ದಪ್ಪಗಾದವು. ನನಗೋ ನಾಲಿಗೆ ತುರಿಸುತ್ತಿತ್ತು. ಮಾತಿಲ್ಲದ ಜಾಗ ಕಂಡರೆ ನನಗೆ ಖಾಲಿ ಗೋಡೌನು ಕಂಡ ಹಾಗೆ, ಏನಾದರೂ ತುಂಬಿಸಬೇಕು ಅನಿಸುತ್ತದೆ. ಕೊನೆಗೆ ತಡೆಯಲಾರದೆ, ರೇಟಿನ ವಿಚಾರಕ್ಕೆ ಬರುವುದಾದರೆ ಅಂತ ಶುರುಮಾಡಿದೆ. ಅಕ್ಕ ಜಾಲರಿಯನ್ನು ನನ್ನ ಮೂಗಿನ ನೇರಕ್ಕೆ ಹಿಡಿದಳು.

“ಒಲೆ ಮುಂದೆ ರೇಟು ಮಾತಾಡ್ಬ್ಯಾಡ.”

ಅದು ಅವಳ ಅತ್ತೆಯ ಕಾಲದಿಂದ ನಡೆದುಬಂದ ಕಟ್ಟಳೆ. ಒಲೆ ಉರಿಯುವಾಗ ಆಲೆಮನೆಗೆ ಕಾಲಿಟ್ಟವರು ಯಾರೇ ಆಗಲಿ, ಅವರು ನೆಂಟರು. ಹಾಲು ಕುಡಿಯಬೇಕು, ಬಿಸಿ ಬೆಲ್ಲ ತಿನ್ನಬೇಕು. ಬೆಲೆ ಅನ್ನುವ ಮಾತು ಅಲ್ಲಿ ಬಾಯಿಂದ ಬೀಳಬಾರದು. ಹುಡುಗಿ ಅದನ್ನು ಜಪಾನಿಯಲ್ಲಿ ಹೇಳಿದಳು. ಅವರು ಕೂತಲ್ಲೇ ಅಕ್ಕನಿಗೆ ಬಗ್ಗಿದರು. ಬೆಲೆ ಹೇಳದ ಮಾರಾಟಗಾರ್ತಿ ಒಬ್ಬಳು, ಬೆಲೆ ಕೇಳದ ಗಿರಾಕಿ ಒಬ್ಬ, ನಡುವೆ ನಾನು. ಇಂಥ ಕಷ್ಟ ಯಾವ ದಳ್ಳಾಳಿಗೂ ಬೇಡ.

ಹೊರಡುವಾಗ ಅಕ್ಕ ಒಂದು ಸ್ಟೀಲ್ ಡಬ್ಬಿಗೆ ಅಚ್ಚು ಬೆಲ್ಲ ತುಂಬಿ ಅವರ ಕೈಗಿಟ್ಟಳು. ವ್ಯಾಪಾರದ ಮಾತಿಗೆ ಅವರು ಪಾಂಡವಪುರದ ನನ್ನ ಅಂಗಡಿಗೆ ಬರುವುದು ಅಂತಾಯಿತು.

ಬಂದರು. ಶೂ ಬಿಚ್ಚಿ ತಿರುಗಿಸಿ ಇಟ್ಟರು. ನಾನು ಈ ಸಲ ಅವರ ಕಾರ್ಡನ್ನು ಎದುರಿಗೇ, ತಕ್ಕಡಿಯ ಪಕ್ಕ, ನೆಟ್ಟಗೆ ನಿಲ್ಲಿಸಿಕೊಂಡಿದ್ದೆ. ದರ ಹೇಳಿದೆ. ಸರಿಯಾದ ದರವನ್ನೇ ಹೇಳಿದೆ ಅನ್ನುವುದು ಇಲ್ಲಿ ಮುಖ್ಯ. ಕಬ್ಬು, ಆಳು, ಉರುವಲು, ಅಕ್ಕನ ದುಡಿಮೆ, ನನ್ನ ಓಡಾಟ ಎಲ್ಲ ಲೆಕ್ಕ ಹಾಕಿ, ಇಷ್ಟಾದರೆ ಆಲೆಮನೆ ನಡೆಯುತ್ತದೆ ಅನ್ನುವ ದರ. ಅದಕ್ಕೆ ಅವರು ಏನೂ ಹೇಳಲಿಲ್ಲ. ಬೆಲ್ಲದ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

ನಮ್ಮ ಕಡೆ ದರ ಹೇಳಿದ ಕೂಡಲೇ ಗಿರಾಕಿ ಬೆಚ್ಚಿಬೀಳಬೇಕು. ಏನಣ್ಣ, ಬೆಲ್ಲ ಮಾರ್ತಿದ್ದೀಯೋ ಬಂಗಾರ ಮಾರ್ತಿದ್ದೀಯೋ ಅನ್ನಬೇಕು. ಆಗ ನಾನು, ನಿಮಗೆ ಅಂತ ಹೇಳಿದ್ದು, ಬೇರೆಯವರಿಗಾದರೆ ಕೊಡುತ್ತಲೇ ಇರಲಿಲ್ಲ ಅನ್ನಬೇಕು. ಹೀಗೆ ಇಬ್ಬರೂ ಸೇರಿ ಮೆಟ್ಟಿಲು ಇಳಿಯುತ್ತೇವೆ, ಕೆಳಗೆ ಎಲ್ಲೋ ಒಂದು ಕಡೆ ಕೈ ಕುಲುಕುತ್ತೇವೆ. ಇವರು ಮೆಟ್ಟಿಲಿಗೆ ಕಾಲೇ ಇಡಲಿಲ್ಲ. ಮುಗಿಯಿತು, ದರ ಜಾಸ್ತಿಯಾಯಿತು, ಅಕ್ಕ ಟೀವಿ ಮುಂದೆ ಕೂತಳು ಅನ್ನಿಸಿತು ನನಗೆ. ನಾನೇ ಒಂದು ಮೆಟ್ಟಿಲು ಇಳಿದೆ.

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಇನ್ನೊಂದು ಮೆಟ್ಟಿಲು ಇಳಿದೆ. ಹುಡುಗಿ ನನ್ನ ಕಡೆ ಬಗ್ಗಿದಳು.

“ಅಂಕಲ್, ಅವರು ರೇಟಿನ ಬಗ್ಗೆ ಇನ್ನೂ ಒಂದು ಮಾತೂ ಹೇಳಿಲ್ಲ.”

“ಅದೇ ಕಣವ್ವ ಭಯ,” ಅಂದೆ.

ಮೂರನೇ ಮೆಟ್ಟಿಲೂ ಇಳಿದುಬಿಟ್ಟೆ. ಯಾರೂ ಕೇಳದೆ, ಯಾರೂ ಜಗ್ಗದೆ, ನನ್ನ ಜೊತೆ ನಾನೇ ಚೌಕಾಸಿ ಮಾಡಿಕೊಂಡು ನೆಲಕ್ಕೆ ಬಂದು ಕೂತಿದ್ದೆ. ಅವರು ಎದ್ದರು. ತುಂಬ ಹೊತ್ತು ಬಗ್ಗಿದರು. ಯೋಚನೆ ಮಾಡುತ್ತೇವೆ ಅಂದರಂತೆ. ಶೂಗೆ ಕಾಲು ತೂರಿಸಿ ಹೊರಟರು. ನಾನು ಕರೆಯಲು ಬಾಯಿ ತೆರೆದರೆ, ಕೂಗಿ ಕರೆಯಲು ನನ್ನ ಹತ್ತಿರ ಇನ್ನು ಯಾವ ಮೆಟ್ಟಿಲೂ ಉಳಿದಿರಲಿಲ್ಲ.

ಮಾರನೇ ದಿನ ಹುಡುಗಿ ಫೋನು ಮಾಡಿದಳು. ಅವರು ಬೇಡ ಅಂದಿಲ್ಲ, ಆದರೆ ತುಂಬ ಗೊಂದಲದಲ್ಲಿದ್ದಾರೆ ಅಂದಳು. ಅವರಲ್ಲಿ ಮಾತಿಲ್ಲದೆ ಕೂತರೆ ಅದು ಕೋಪವಲ್ಲವಂತೆ. ಎದುರಿನವರು ಹೇಳಿದ್ದನ್ನು ಪೂರ್ತಿ ಮನಸ್ಸಿಗೆ ತೆಗೆದುಕೊಳ್ಳುತ್ತಿದ್ದೇನೆ ಅಂತ ತೋರಿಸುವ ಮರ್ಯಾದೆಯಂತೆ. ಅವರ ಅಂಗಡಿಗೆ ಬೇಳೆ ಕೊಡುವವರ ಮನೆ, ಅಕ್ಕಿಹಿಟ್ಟು ಕೊಡುವವರ ಮನೆ, ಎಲ್ಲ ಅವರ ತಾತನ ಕಾಲದಿಂದಲೂ ಅವೇ. ಹಾಗಾಗಿ ಅವರ ಪಾಲಿಗೆ ಬೆಲೆ ಅಂದರೆ ಸಾಮಾನು ಕೊಡುವವರು ಕೊಟ್ಟ ಮಾತಿದ್ದ ಹಾಗೆ.

“ಕೊನೇ ರೇಟು ನಿಜವಾದರೆ ಮೊದಲನೇದು ಯಾಕೆ ಹೇಳಿದರು ಅಂತ ಕೇಳ್ತಿದ್ದಾರೆ ಅಂಕಲ್. ಮೊದಲನೇದು ನಿಜವಾದರೆ, ಕೊನೇ ರೇಟಿಗೆ ಇಳಿಸೋಕೆ ಬೆಲ್ಲದಿಂದ ಏನು ತೆಗೀತಾರೆ ಅಂತ ಕೇಳ್ತಿದ್ದಾರೆ.”

ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕಡಿಮೆ ಮಾಡಿದರೆ ಜನ ಖುಷಿಪಡುತ್ತಾರೆ. ಕಡಿಮೆ ಮಾಡಿದ್ದಕ್ಕೆ ಹೆದರುವ ಗಿರಾಕಿಯನ್ನು ನಾನು ಕಂಡಿದ್ದು ಆವತ್ತೇ. ಆದರೆ ಕೂತು ಯೋಚಿಸಿದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು. ಆ ಕೊನೇ ದರಕ್ಕೆ ಬೆಲ್ಲ ಕೊಡಬೇಕಾದರೆ ಒಂದೋ ಅಕ್ಕ ಬಿಟ್ಟಿ ದುಡಿಯಬೇಕು, ಇಲ್ಲವೇ ಬಿಳಿ ಪುಡಿ ಬಾಗಿಲು ದಾಟಬೇಕು. ಅವರು ಅದನ್ನು ಒಂದು ಚೂರು ಬೆಲ್ಲ ಚೀಪುತ್ತಾ ಕಂಡುಕೊಂಡಿದ್ದರು. ಹುಡುಗಿಗೆ ನಾನು ಹೇಳಿದ್ದಿಷ್ಟು: ಬೆಲ್ಲದಿಂದ ಏನನ್ನೂ ತೆಗೆದಿಲ್ಲ ಅಂತ ಹೇಳವ್ವ, ಮೊದಲನೇದೇ ಬೆಲ್ಲದ ಬೆಲೆ, ಉಳಿದದ್ದೆಲ್ಲ ನನ್ನ ಬಾಯಿಯ ಅಭ್ಯಾಸ.

ಹೇಳುತ್ತೇನೆ, ಆದರೆ ಮಾತಿಗೆ ಮಾತು ಸೇರಿಸಿದರೆ ಏನು ಪ್ರಯೋಜನವೋ ಗೊತ್ತಿಲ್ಲ ಅಂದಳು.

ಶೀಳನೆರೆಗೆ ಹೋಗಿ ನಡೆದದ್ದನ್ನು ಹೇಳಿದೆ. ಬಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರಿನವನು ಬಾಯಿ ಬಿಡದೆ ನನ್ನ ಬಾಮೈದನನ್ನು ಸೋಲಿಸಿದ ಅಂತ ಊರಲ್ಲೆಲ್ಲ ಹೇಳುವುದಾಗಿ ಹೆದರಿಸಿದರು. ಅಕ್ಕ ನಗಲಿಲ್ಲ.

“ನನ್ ಬೆಲ್ಲನ ಸಂತೆ ಮುಗ್ದ ಮ್ಯಾಲೆ ಉಳ್ದಿರೋ ಸೊಪ್ಪು ಮಾರ್ದಂಗೆ ಮಾರಿದ್ದೀಯಲ್ಲಲಾ,” ಅಂದಳು. “ಓಗ್ಲಿ ಬುಡು. ತಿಂದ್ರಲ್ಲ, ಅಷ್ಟು ಸಾಕು.”

ಹೊಲದಲ್ಲಿ ಕಬ್ಬು ಒಂದು ಮೂಲೆಯಷ್ಟು ಉಳಿದಿತ್ತು. ಗುಜರಿಯವನಿಗೆ ಬಾವ ಬರಲು ಹೇಳಿಯಾಗಿತ್ತು.

ಕೊನೆಯ ಕೊಪ್ಪರಿಗೆ ಏರಿಸಿದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಕಾರು ಬಂತು. ಇಳಿದವರು ಅವರೇ, ಜೊತೆಗೆ ಹುಡುಗಿ. ಊರಿಗೆ ಹೊರಡುವ ಮುಂಚೆ ಡಬ್ಬಿ ವಾಪಸು ಕೊಡಲು ಬಂದಿದ್ದಾರೆ ಅಂದಳು. ಕೊರಿಯರ್ ಮಾಡಬಹುದಿತ್ತು, ಅವಳ ಕೈಯಲ್ಲೇ ಕಳಿಸಬಹುದಿತ್ತು. ಅಕ್ಕನ ಹಳೇ ಸ್ಟೀಲ್ ಡಬ್ಬಿಯನ್ನು ಅವರು ನೀಲಿ ಬಟ್ಟೆಯೊಂದರಲ್ಲಿ ಗಂಟು ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅಕ್ಕ ತೂಕ ನೋಡಿದಳು. ಡಬ್ಬಿ ಖಾಲಿ ಇರಲಿಲ್ಲ.

ನಮ್ಮ ಮನೆಗಳಲ್ಲೂ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸುವ ಪದ್ಧತಿ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅವರಲ್ಲೂ ಹಾಗೇ ಅಂತೆ. ಇದನ್ನು ನಾನು ಓದಿದ ಪುಸ್ತಕ ಬರೆದವನು ಯಾಕೆ ಬರೆದಿಲ್ಲವೋ ಗೊತ್ತಿಲ್ಲ. ಬರೆದಿದ್ದರೆ ಅವನ ಪುಸ್ತಕದ ಇನ್ನಷ್ಟು ಪ್ರತಿಗಳು ನಮ್ಮ ಕಡೆ ಖರ್ಚಾಗುತ್ತಿದ್ದವು.

ಕೊಟ್ಟವರ ಎದುರಿಗೆ ಬಿಚ್ಚಿ ನೋಡುವುದು ಸರಿಯಲ್ಲ ಅಂತ ಅಕ್ಕ ಗಂಟನ್ನು ಮೂಲೆಗಿಟ್ಟಳು. ಅವರಲ್ಲೂ ಎದುರಿಗೆ ಬಿಚ್ಚುವುದಿಲ್ಲವಂತೆ. ಇಬ್ಬರೂ ಹೀಗೇ ಇದ್ದರೆ ಒಳಗಿರುವುದು ಹಳಸಿಹೋಗುತ್ತದೆ, ನಮ್ಮಮ್ಮನ ಅಡುಗೆಮನೆಯಲ್ಲಿ ಕಷ್ಟಪಟ್ಟು ಮಾಡಿದ್ದಾರೆ ಅಂತ ಹುಡುಗಿಯೇ ಬಿಚ್ಚಿದಳು. ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯ ಅವಳ ಮನೆಯಲ್ಲಿ ಅವರಿಗೆ ಒಲೆ ಬಿಟ್ಟುಕೊಡುವ ಮುಂಚೆ ಹುಡುಗಿಯ ತಾಯಿ ಮಡಿಗೆ ಅಂತ ಸ್ನಾನಕ್ಕೆ ಕಳಿಸಿ, ಉಡಲು ಪಂಚೆ ಕೊಟ್ಟಿದ್ದರಂತೆ. ಪಂಚೆ ಎರಡು ಸಲ ಜಾರಿತಂತೆ. ಅವರಲ್ಲಿ ಸಿಗುವ ಕೆಂಪು ಕಾಳು ಇಲ್ಲಿ ಇಲ್ಲ, ಹಾಗಾಗಿ ಪೇಟೆಯಲ್ಲಿ ಕಾಳುಗಳನ್ನೆಲ್ಲ ಮುಟ್ಟಿ ನೋಡಿ ಅಲಸಂದೆ ಆರಿಸಿದ್ದರಂತೆ.

ಡಬ್ಬಿಯಲ್ಲಿ ಇದ್ದದ್ದು ನೆಲ್ಲಿಕಾಯಿ ಗಾತ್ರದ ಉಂಡೆಗಳು. ಹೊರಗೆ ತೆಳ್ಳಗೆ ಬೆಂದ ಅಕ್ಕಿಹಿಟ್ಟು, ಒಳಗೆ ಕಪ್ಪಗೆ ಮೆತ್ತಗೆ ಏನೋ. ಅಕ್ಕ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಾ ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು.

“ಲೇ, ಇದು ಊರಣ ಅಲ್ವೇನ್ಲಾ?”

ನಾನೂ ತಿಂದೆ. ಹೂರಣವೇ. ಕಾಳು ಬೇರೆ, ಏಲಕ್ಕಿ ಇಲ್ಲ, ಆದರೆ ಬೇಯಿಸಿ, ರುಬ್ಬಿ, ಬೆಲ್ಲದ ಜೊತೆ ಗೊಟಾಯಿಸಿದ ಅದೇ ಹೂರಣ. ಹಳದಿ ಬೆಲ್ಲದಲ್ಲಿ ಈ ರುಚಿ ಬರುವುದಿಲ್ಲ. ಹೊಗೆಯ ವಾಸನೆಯ ಎಳೆಯೊಂದು ನಾಲಿಗೆಯ ಕೊನೆಯಲ್ಲಿ ಬಂದು ನಿಲ್ಲುತ್ತಿತ್ತು. ಬಾವ ಒಂದರ ಮೇಲೊಂದು ಬಾಯಿಗೆ ಹಾಕಿಕೊಂಡು, ಇಷ್ಟು ದೂರದಿಂದ ಬಂದು ನಮ್ಮ ಹಬ್ಬದ ಅಡುಗೆ ಮಾಡಿದನಲ್ಲ ಈ ಪುಣ್ಯಾತ್ಮ ಅಂದರು. ಅವರು ಎಲ್ಲರ ಬಾಯಿಯನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ. ಅಕ್ಕ ಇನ್ನೊಂದು ತೆಗೆದುಕೊಂಡಳು. ಆಗ ಅವರ ಹೆಗಲು ಸಡಿಲವಾಯಿತು.

ಒಲೆ ಉರಿಯುತ್ತಿತ್ತು, ಹಾಲು ಕುದಿಯುತ್ತಿತ್ತು, ಅವರು ಮತ್ತೆ ಅದೇ ಮಣೆಯ ಮೇಲೆ ಕೂತರು. ವ್ಯಾಪಾರ ಮಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಆದರೆ ಅಲ್ಲಿ ಬೆಲೆ ಬಾಯಿಂದ ಬೀಳುವ ಹಾಗಿಲ್ಲ. ಹೊರಗೆ ಕರೆದುಕೊಂಡು ಹೋಗಿ ಮಾತಾಡಿದರೆ ನನ್ನ ಬಾಯಿಯ ಮೇಲೆ ಅವರಿಗೆ ನಂಬಿಕೆ ಇಲ್ಲ. ನನಗೇ ಇರಲಿಲ್ಲ.

ಹೆಗಲ ಮೇಲಿನ ಟವೆಲ್ಲಿಗೆ ಕೈ ಹೋದದ್ದು ಆಗ.

ಬೆಲ್ಲಕ್ಕೆ ಬರುವ ಮುಂಚೆ ನಾನು ದನದ ದಳ್ಳಾಳಿ. ನಾಗಮಂಗಲದ ಕಡೆಯ ದನದ ಸಂತೆಗಳಲ್ಲೇ ನಾನು ವ್ಯಾಪಾರ ಕಲಿತದ್ದು. ಅಲ್ಲಿ ಒಳ್ಳೆಯ ಜೋಡಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುತ್ತ ನಿಂತವರಿಗೆ ಗೊತ್ತಾಗಬಾರದು. ಇಬ್ಬರ ಕೈಯ ಮೇಲೆ ಟವೆಲ್ ಹಾಸಿ, ಅದರ ಕೆಳಗೆ ಕೊಡುವವನು ತಗೊಳ್ಳುವವನ ಬೆರಳು ಹಿಡಿಯುತ್ತಾನೆ. ಇಷ್ಟು ಬೆರಳು ಹಿಡಿದರೆ ಇಷ್ಟು. ಒಪ್ಪದಿದ್ದರೆ ಎದುರಿನವನು ತನಗೆ ಬೇಕಾದಷ್ಟು ಬೆರಳು ಹಿಡಿಯುತ್ತಾನೆ. ಮುಖ ಕಲ್ಲಿನ ಹಾಗಿರಬೇಕು. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ನಾನು ಒಂದು ಕಾಲದಲ್ಲಿ ಬಾಯಿ ಹೊಲಿದುಕೊಂಡು ದುಡಿದವನು ಅನ್ನುವುದು ನನಗೇ ಮರೆತುಹೋಗಿತ್ತು.

ಹುಡುಗಿಗೆ ಹೇಳಿದೆ. ಯಾವ ಬೆರಳಿಗೆ ಏನು ಅರ್ಥ ಅಂತ ಅವಳು ಅವರಿಗೆ ಬಿಡಿಸಿ ಹೇಳಿದಳು. ಅವರು ಎರಡು ಸಲ ಕೇಳಿ ತಿಳಿದುಕೊಂಡರು. ನಾನು ಅಕ್ಕನನ್ನು ಕೇಳಿದೆ.

“ಅಕ್ಕ, ಬಾಯಲ್ಲಿ ಏನೂ ಮಾತಾಡಲ್ಲ. ಆಗ್ಬೋದಾ?”

ಅಕ್ಕ ಪಾಕದಿಂದ ಕಣ್ಣು ತೆಗೆಯಲಿಲ್ಲ. “ಒಲೆಗೆ ಕಿವಿ ಐತೆ, ಟವಲೊಳಗೆ ನೋಡೋ ಕಣ್ಣಿಲ್ಲ. ಮಾಡ್ಕ ಓಗು,” ಅಂದಳು.

ಟವೆಲ್ ಕೊಡವಿ ನನ್ನ ಮತ್ತು ಅವರ ಕೈಯ ಮೇಲೆ ಹಾಸಿದೆ. ಅವರ ಕೈ ತಣ್ಣಗಿತ್ತು. ಬೆರಳಿನ ತುದಿಗಳು ಗಟ್ಟಿ, ಜೀವಮಾನವೆಲ್ಲ ಹಿಟ್ಟು ನಾದಿದ ಬೆರಳು. ನಾನು ಅಂಗಡಿಯಲ್ಲಿ ಮೊದಲು ಹೇಳಿದ ದರವನ್ನೇ ಹಿಡಿದೆ. ಇನ್ನು ಏನೇ ಆಗಲಿ ಒಂದು ಬೆರಳೂ ಸಡಿಲ ಬಿಡಬಾರದು ಅಂತ ಹಲ್ಲು ಕಚ್ಚಿಕೊಂಡೆ.

ಅವರು ಕಣ್ಣು ಮುಚ್ಚಿದರು. ಅದೇ ಮೌನ. ಅಂಗಡಿಯಲ್ಲಿ ನನ್ನನ್ನು ನೆಲಕ್ಕೆ ಇಳಿಸಿದ್ದ ಮೌನ. ಒಲೆಯಲ್ಲಿ ಸಿಪ್ಪೆ ಚಟಪಟ ಅಂದಿತು. ಬಾವ ಕೆಮ್ಮಿದರು. ಹುಡುಗಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ನನ್ನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂತು. ಒರೆಸಿಕೊಳ್ಳಲು ಟವೆಲ್ ಖಾಲಿ ಇರಲಿಲ್ಲ. ಈ ಸಲ ಮಾತ್ರ ಆ ಮೌನ ನನಗೆ ಖಾಲಿ ಗೋಡೌನಿನ ಹಾಗೆ ಕಾಣಲಿಲ್ಲ. ಎತ್ತಿನ ಹಲ್ಲು ನೋಡಿ, ಗೊರಸು ನೋಡಿ, ಸುಳಿ ನೋಡಿ, ಮನೆಯಲ್ಲಿರುವ ಹುಲ್ಲಿನ ಬಣವೆಯನ್ನೂ ನೆನೆಸಿಕೊಂಡು ಬೆರಳು ಹಿಡಿಯುವ ರೈತನ ಹಾಗೆ ಇವರೂ ಲೆಕ್ಕ ಹಾಕುತ್ತಿದ್ದಾರೆ ಅನ್ನಿಸಿತು. ಹಾಕಿಕೊಳ್ಳಲಿ. ಬೆಲ್ಲ ಎಲ್ಲಿಗೂ ಓಡಿಹೋಗುವುದಿಲ್ಲ.

ಕಣ್ಣು ತೆರೆದರು. ಹುಡುಗಿಯ ಮೂಲಕ ಒಂದು ಪ್ರಶ್ನೆ ಕೇಳಿದರು, ನನ್ನನ್ನಲ್ಲ, ಅಕ್ಕನನ್ನು. ಈ ಬೆರಳು ಹಿಡಿದರೆ ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ, ಇದೇ ಬೆಲ್ಲವನ್ನು ಇದೇ ಥರ ಮಾಡಲು ನಿಮಗೆ ಆಗುತ್ತದೆಯೇ?

ಅಕ್ಕ ಜಾಲರಿಯನ್ನು ಅಂಚಿಗೆ ಒರಗಿಸಿದಳು. ಪಾಕ ನೋಡುವಾಗ ಅವಳು ಕೈಯಿಂದ ಜಾಲರಿ ಬಿಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಬೆಂಡೆಗಿಡ ಬೆಳೆಯೋವರ್ಗೂ ಮಾಡ್ತೀನಿ ಅನ್ನವ್ವ ಅವ್ರಿಗೆ. ಕಪ್ಪಾಯ್ತು ಅಂತ ಮಾತ್ರ ಅನ್ಬಾರ್ದು.”

ಹುಡುಗಿ ಹೇಳಿ ಮುಗಿಸುವಷ್ಟರಲ್ಲಿ ಟವೆಲ್ಲಿನ ಕೆಳಗೆ ಅವರು ನನ್ನ ಬೆರಳುಗಳನ್ನು ಹಿಡಿದರು. ನಾನು ಹಿಡಿದಷ್ಟನ್ನೇ. ಒಂದೂ ಕಡಿಮೆ ಇರಲಿಲ್ಲ.

ಮೊದಲ ಕಂತು ದೊಡ್ಡದೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕಿತ್ತು, ಕಾಗದಪತ್ರ ಓಡಾಡಬೇಕಿತ್ತು, ಅದಕ್ಕೆಲ್ಲ ಹುಡುಗಿ ಮೈಸೂರಿನಲ್ಲಿ ಗೊತ್ತಿದ್ದವರನ್ನು ಹಿಡಿದಳು. ಆದರೆ ಮುಂದಿನ ಸಲದ ಕಬ್ಬನ್ನೂ ನಮ್ಮ ಗಾಣಕ್ಕೇ ಹಾಕುವಷ್ಟು ಧೈರ್ಯ ಆವತ್ತೇ ಬಂತು. ನನ್ನ ಅಂಗಡಿಯಲ್ಲೂ ಅಕ್ಕನ ಬೆಲ್ಲ ಮುಂದಿನ ಸಾಲಿಗೆ ಬಂದಿದೆ. ಇದು ಜಪಾನಿಗೆ ಹೋಗುವ ಬೆಲ್ಲ ಅಂತ ಹೇಳಿದರೆ ಸಾಕು, ಹಳದಿ ಕೇಳಲು ಬಂದವರೂ ಒಂದು ಅಚ್ಚು ಎತ್ತಿ ಮೂಸಿ ನೋಡುತ್ತಾರೆ. ಈ ಬುದ್ಧಿ ನಿಮಗೂ ಇರಲಿ, ನಿಮ್ಮ ಸಾಮಾನು ನಿಮ್ಮೂರಿಗೆ ಬೇಡವಾಗಿದ್ದರೆ ಮೊದಲು ದೂರದವರಿಗೆ ತೋರಿಸಿ.

ಮೌನವನ್ನು ನಾನೂ ಅಂಗಡಿಯಲ್ಲಿ ಪ್ರಯೋಗಿಸಿ ನೋಡಿದೆ. ದರ ಹೇಳಿ ಕಣ್ಣು ಮುಚ್ಚಿ ಕೂತೆ. ಹಲ್ಲು ನೋವಾ ಅಣ್ಣ, ಲವಂಗ ಇಟ್ಕೊಳಿ ಅಂದ ಗಿರಾಕಿ. ಪಾಂಡವಪುರಕ್ಕೆ ಅದು ಆಗಿಬರುವುದಿಲ್ಲ, ಬಿಟ್ಟೆ.

ಟವೆಲ್ ಹಾಸಿದ ದಿನದ್ದು ಒಂದು ಹೇಳುವುದು ಉಳಿಯಿತು. ಖುಷಿಯಲ್ಲಿ ಗುಜರಿಯವನಿಗೆ ಬರಬೇಡ ಅಂತ ಹೇಳುವುದನ್ನು ಬಾವ ಮರೆತಿದ್ದರು. ಜಪಾನಿನವರ ಕಾರು ಆ ಕಡೆ ತಿರುಗುತ್ತಿದ್ದಂತೆ ಅವನ ಗಾಡಿ ಈ ಕಡೆಯಿಂದ ಬಂತು, ಹಗ್ಗ, ಹಾರೆ, ಇಬ್ಬರು ಆಳು ಸಮೇತ. ಒಲೆ ಇನ್ನೂ ಉರಿಯುತ್ತಿತ್ತು. ಗಾಣದ ಹತ್ತಿರ ಹೋಗಿ ನಿಂತವನನ್ನು ಅಕ್ಕ ಕರೆದಳು. ಕಬ್ಬಿನ ಹಾಲು ಕೊಟ್ಟಳು. ಬಾಳೆಲೆಯ ಮೇಲೆ ಬಿಸಿ ಬೆಲ್ಲ ಹಾಕಿ ಮೂವರಿಗೂ ಕೊಟ್ಟಳು. ಅವನು ಬೆರಳು ನೆಕ್ಕುತ್ತಾ ಗಾಣದ ರೇಟಿನ ವಿಚಾರ ಎತ್ತಿದ. ಅಕ್ಕ ಜಾಲರಿ ಎತ್ತಿ ಅವನ ಮೂಗಿನ ನೇರಕ್ಕೆ ಹಿಡಿದಳು.

ಖಾಲಿ ಗಾಡಿ ವಾಪಸು ಹೋಯಿತು. ಪೂರ್ತಿ ಖಾಲಿಯೂ ಅಲ್ಲ. ಅವನ ಮನೆಗೆ ಅಂತ ಅಕ್ಕ ಒಂದು ಡಬ್ಬಿ ಬೆಲ್ಲ ಕೊಟ್ಟು ಕಳಿಸಿದ್ದಳು. ಡಬ್ಬಿ ವಾಪಸು ತಂದುಕೊಡಲು ಮರೆಯಬೇಡ ಅಂತಲೂ ಹೇಳಿದ್ದಳು.